ಇಂಗ್ಲಿಷಿನ ಮಾಣಿ: ‘ಜಾಕ್’ ಎಂಬ ಹೆಸರಿನ ಹಳೆಯ ಅರ್ಥಗಳು

ಕಾಸರಗೋಡಿನ ದಿನಬಳಕೆಯ ಮಾತಿನಲ್ಲಿ ‘ಜಾಕ್’ ಎಂಬ ಇಂಗ್ಲಿಷ್ ಹೆಸರು ಎಷ್ಟು ಕಡೆ ಅಡಗಿ ಕುಳಿತಿದೆ ನೋಡಿ. ಟಯರು ಪಂಕ್ಚರ್ ಆದರೆ ಡಿಕ್ಕಿಯಿಂದ ಜಾಕಿ ತೆಗೆಯುತ್ತೇವೆ. ಯಕ್ಷಗಾನದ ಆಟದ ಮೈಕು ಗುಂಯ್ ಅಂದರೆ ಜಾಕ್ ಸರಿಯಾಗಿ ಕೂತಿಲ್ಲ ಅನ್ನುತ್ತೇವೆ. ಇಸ್ಪೀಟಿನಲ್ಲಿ ಇಪ್ಪತ್ತೆಂಟು ಆಡುವಾಗ ಕೈಯಲ್ಲಿ ಎರಡು ಗುಲಾಮ ಬಂದರೆ ಧೈರ್ಯ ಬರುತ್ತದೆ. ಲಾಟರಿ ಅಂಗಡಿಯ ಮುಂದೆ ನಿಂತವರ ಬಾಯಲ್ಲಿ ಜಾಕ್‌ಪಾಟ್. ಹಲಸಿನ ಹಪ್ಪಳದ ಪೊಟ್ಟಣದ ಮೇಲೆ ಜಾಕ್‌ಫ್ರೂಟ್. ಈ ಐದೂ ಒಂದೇ ಬೇರಿನವು ಎಂದು ತೋರುತ್ತದೆ, ಆದರೆ ಅಲ್ಲ. ಕೊನೆಯದಕ್ಕೂ ಆ ಹೆಸರಿಗೂ ಹುಟ್ಟಿನ ಸಂಬಂಧವೇ ಇಲ್ಲ. ಅದು ಪಕ್ಕದ ಮನೆಯ ಮಲಯಾಳದ ಮಾತು.

ಇಂಗ್ಲಿಷ್ ನಿಘಂಟು ತೆರೆದರೆ ಜಾಕ್ ಎಂಬ ಒಂದು ಪದದ ಕೆಳಗೆ ಹತ್ತಾರು ಅರ್ಥ ಸಿಗುತ್ತವೆ. ಆಳು, ನಾವಿಕ, ಗಂಡು ಕತ್ತೆ, ಎತ್ತುವ ಯಂತ್ರ, ಸಣ್ಣ ಬಾವುಟ, ಚಿಕ್ಕ ಚೆಂಡು, ಚರ್ಮದ ಹೂಜಿ, ಕವಡೆ ಕಾಸು. ಓದಿದವರಿಗೆ ಇವಕ್ಕೆ ಒಂದರ ಜೊತೆ ಇನ್ನೊಂದರ ನಂಟು ಕಾಣುವುದಿಲ್ಲ. ಆದರೆ ಕರಾವಳಿಯ ಕನ್ನಡಿಗರ ಕೈಯಲ್ಲಿ ಇದಕ್ಕೆ ಒಂದು ಒಳ್ಳೆಯ ಕೀಲಿಕೈ ಇದೆ: ‘ಮಾಣಿ’ ಎಂಬ ಮಾತು. ಮಾಣಿ ಎಂದರೆ ಹುಡುಗ. ಹವ್ಯಕರ ಮನೆಯಲ್ಲಿ ಮಗನನ್ನು ಮಾಣಿ ಎಂದೂ ಮಗಳನ್ನು ಕೂಸು ಎಂದೂ ಕರೆಯುತ್ತಾರೆ. ಅದೇ ಮಾತು ಹೋಟೆಲಿಗೆ ಹೋದಾಗ ತಿಂಡಿ ತಂದುಕೊಡುವವನ ಹೆಸರಾಯಿತು. ವಯಸ್ಸು ಐವತ್ತಾದರೂ ಅವನು ಮಾಣಿಯೇ. ಹುಡುಗ ಎಂಬುದು ಕೆಲಸದ ಹುಡುಗ ಎಂದಾಗುವ ಈ ಒಂದು ಹೆಜ್ಜೆ ಅರ್ಥವಾದರೆ ಜಾಕ್‌ನ ಮುಕ್ಕಾಲು ಪಾಲು ಅರ್ಥಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಳ್ಳದವು ಬಹುಮಟ್ಟಿಗೆ ಬೇರೆ ಬೇರಿನವು.

ಮೊದಲು ಹೆಸರಿನ ಹುಟ್ಟು. ಜಾಕ್ ಎಂಬುದು ಜಾನ್ ಎಂಬುದರ ಮುದ್ದಿನ ರೂಪ. ಜಾನ್, ಹಳೆಯ ರೂಪದಲ್ಲಿ ಜೆಹಾನ್, ಅದಕ್ಕೆ ‘ಕಿನ್’ ಎಂಬ ಮುದ್ದಿನ ಬಾಲ ಸೇರಿ ಜಾಂಕಿನ್. ಅನುನಾಸಿಕ ಉದುರಿ ಜಾಕಿನ್. ಬಾಲವೂ ಉದುರಿ ಜಾಕ್. ಫ್ರೆಂಚಿನ ‘ಜಾಕ್’ ಬೇರೆ. ಅದು ಇಂಗ್ಲಿಷಿನ ಜೇಮ್ಸ್‌ಗೆ ಸಮ. ಕನ್ನಡ ಲಿಪಿಯಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ಅನುವಾದಗಳಲ್ಲಿ ಗೊಂದಲ ಆಗುತ್ತದೆ. ಕನ್ನಡ ಬೈಬಲಿನ ಲೆಕ್ಕದಲ್ಲಿ ಹೇಳಿದರೆ ಇಂಗ್ಲಿಷಿನ ಜಾಕ್ ಯೋಹಾನ, ಫ್ರೆಂಚಿನ ಜಾಕ್ ಯಾಕೋಬ. ಕಾಸರಗೋಡಿನಂಥ ಊರಿನಲ್ಲಿ ಇದನ್ನು ಇನ್ನೂ ಸುಲಭವಾಗಿ ತೋರಿಸಬಹುದು: ಕೊಂಕಣಿ ಕ್ರೈಸ್ತರ ಜುವಾಂವ್, ಮುಸ್ಲಿಮರ ಯಾಹ್ಯಾ, ಇಂಗ್ಲಿಷಿನ ಜಾಕ್, ಮೂವರೂ ಒಂದೇ ಹೆಸರಿನವರು. ಯಾಕೂಬನ ಹೆಸರು ಹೊತ್ತವನು ಫ್ರೆಂಚಿನ ಜಾಕ್. ಇಂಗ್ಲಿಷಿನ ಜಾಕನ ಮೇಲೆ ಫ್ರೆಂಚ್ ಹೆಸರಿನ ನೆರಳು ಬಿದ್ದದ್ದು ಹೌದು, ಆದರೆ ಬಳಕೆಯಲ್ಲಿ ಜಾಕ್ ಸದಾ ಜಾನ್‌ನ ಮನೆಯ ಹೆಸರಾಗಿಯೇ ಉಳಿದ.

14ನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಂಡಸರಿಗೆ ಅತಿ ಸಾಮಾನ್ಯವಾದ ಹೆಸರು ಜಾನ್. ಹಾಗಾಗಿ ಜಾಕ್ ಎಂದರೆ ‘ಯಾವನೋ ಒಬ್ಬ’. 1381ರ ರೈತರ ದಂಗೆಯ ಕಾಲದಲ್ಲಿ ಜಾನ್ ಬಾಲ್ ಎಂಬ ಪಾದ್ರಿಯ ಹೆಸರಿನಲ್ಲಿ ಹರಡಿದ ಪತ್ರಗಳಲ್ಲಿ ಜಾಕ್ ಮಿಲ್ನರ್, ಜಾಕ್ ಕಾರ್ಟರ್, ಜಾಕ್ ಟ್ರೂಮನ್ ಎಂಬ ಹೆಸರುಗಳು ಬರುತ್ತವೆ. ಮೊದಲನೆಯವನು ಗಿರಣಿಯವನು, ಎರಡನೆಯವನು ಗಾಡಿ ಹೊಡೆಯುವವನು, ಮೂರನೆಯವನು ನಿಯತ್ತಿನ ಮನುಷ್ಯ. ಇವು ವ್ಯಕ್ತಿಗಳ ಹೆಸರಿನಂತೆ ಕಂಡರೂ ಕೆಲಸದ, ಗುಣದ ಗುರುತುಗಳು. ಆ ದಂಗೆಯ ಮುಂದಾಳುಗಳಲ್ಲಿ ಒಬ್ಬನನ್ನು ಜಾಕ್ ಸ್ಟ್ರಾ, ಅಂದರೆ ಹುಲ್ಲಿನ ಜಾಕ, ಎಂದೇ ಕರೆಯುತ್ತಿದ್ದರು. ಇಂದಿಗೂ ಇಂಗ್ಲಿಷಿನಲ್ಲಿ ‘ಎವ್ರಿ ಮ್ಯಾನ್ ಜಾಕ್’ ಎಂದರೆ ಒಬ್ಬನನ್ನೂ ಬಿಡದೆ ಎಲ್ಲರೂ ಎಂದರ್ಥ. ಜಾಕ್ ಮತ್ತು ಜಿಲ್ ಜೋಡಿಯೂ ಇದೇ ಬಗೆಯದು. ಶಿಶುಗೀತೆಯ ಆ ಇಬ್ಬರು ನಿರ್ದಿಷ್ಟ ಮಕ್ಕಳಾಗಬೇಕಿಲ್ಲ. ಅದಕ್ಕಿಂತ ಹಿಂದಿನಿಂದಲೂ ಆ ಜೋಡಿಪದಕ್ಕೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಎಂದಷ್ಟೇ ಅರ್ಥ. ಹವ್ಯಕ ಕನ್ನಡಕ್ಕೆ ತಂದರೆ ಮಾಣಿಯೂ ಕೂಸೂ.

‘ಯಾವನೋ ಒಬ್ಬ’ ಎಂಬುದು ‘ಕೀಳು ಮನುಷ್ಯ’ ಆಗಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಶೇಕ್ಸ್‌ಪಿಯರನ ನಾಟಕಗಳಲ್ಲಿ ಜಾಕ್ ಎಂದು ಬೈದರೆ ಕೊಂಕು ಮಾತಿನ ಒರಟ, ಮರ್ಯಾದೆ ಇಲ್ಲದವ ಎಂದರ್ಥ. ‘ಮೂರನೆಯ ರಿಚರ್ಡ್’ ನಾಟಕದಲ್ಲಿ ಜಾಕರೆಲ್ಲ ಜಂಟಲ್‌ಮನ್‌ಗಳಾದ ಮೇಲೆ ಎಷ್ಟೋ ಜಂಟಲ್‌ಮನ್‌ಗಳು ಜಾಕರಾಗಿಬಿಟ್ಟರು ಎಂಬ ಮಾತು ಬರುತ್ತದೆ. ಇಲ್ಲಿ ಜಾಕ್ ಎಂಬುದನ್ನು ಹೆಸರಾಗಿ ಬಿಟ್ಟರೆ ಕನ್ನಡದಲ್ಲಿ ಏನೂ ಹೊಳೆಯುವುದಿಲ್ಲ. ‘ಅಂಡಲೆಯುವವರು’, ‘ಬೀದಿಯವರು’ ಎಂಬಂಥ ಮಾತು ಹಾಕಬೇಕು. ಹೀಗೆ ಹೆಸರೊಂದು ಜಾತಿವಾಚಕ ಆದದ್ದನ್ನು ಗುರುತಿಸಲು ಮುದ್ರಣದಲ್ಲಿ ಎರಡು ಸುಳಿವು ಇರುತ್ತವೆ: ಹೆಸರಿನ ಹಿಂದೆ ‘ಎ’, ‘ದಿ’, ‘ಎವ್ರಿ’ ಇದೆಯೇ, ಬಹುವಚನ ಆಗಿದೆಯೇ. ವ್ಯಕ್ತಿಯ ಹೆಸರಿಗೆ ಇವು ಸಾಮಾನ್ಯವಾಗಿ ಹತ್ತುವುದಿಲ್ಲ. ದೊಡ್ಡಕ್ಷರವನ್ನು ಮಾತ್ರ ನಂಬಬಾರದು. 17ನೆಯ ಶತಮಾನದ ಅಚ್ಚಿನಲ್ಲಿ ಸಾಮಾನ್ಯ ನಾಮಪದಗಳಿಗೂ ದೊಡ್ಡಕ್ಷರ ಹಾಕುತ್ತಿದ್ದರು.

ಇಸ್ಪೀಟಿನ ಗುಲಾಮನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾಲ್ಕೈದು ಭಾಷೆಗಳು ಒಂದೇ ದಾರಿ ಹಿಡಿದದ್ದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ರಾಜ, ರಾಣಿಯ ಕೆಳಗಿನ ಆ ಎಲೆಗೆ ಇಂಗ್ಲಿಷಿನಲ್ಲಿ ಮೊದಲಿದ್ದ ಹೆಸರು ನೇವ್. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಹುಡುಗ ಎಂದರ್ಥ, ಆಮೇಲೆ ಸೇವಕ, ಆಮೇಲೆ ಠಕ್ಕ. ಫ್ರೆಂಚಿನವರು ಅದನ್ನು ವಾಲೆ, ಅಂದರೆ ಪರಿಚಾರಕ, ಎಂದರು. ಜರ್ಮನರು ಬೂಬೆ, ಅಂದರೆ ಹುಡುಗ, ಎಂದರು. ಡಚ್ಚರು ಬೂರ್, ಅಂದರೆ ರೈತ, ಎಂದರು. ನಮ್ಮ ಗುಲಾಮ ಅರಬ್ಬಿಯಿಂದ ಪಾರಸಿ, ಹಿಂದೂಸ್ತಾನಿಗಳ ಮೂಲಕ ಬಂದದ್ದು. ಅರಬ್ಬಿಯಲ್ಲಿ ಗುಲಾಮ್ ಎಂದರೆ ಮೊದಲಿಗೆ ಹುಡುಗ. ಸೇವಕ, ದಾಸ ಎಂಬುದು ಅಲ್ಲಿಂದ ಮುಂದಿನ ಹೆಜ್ಜೆ. ಮಲಯಾಳದವರು ಇದನ್ನೇ ಗುಲಾನ್ ಮಾಡಿಕೊಂಡರು. ಆಟದ ಮೇಜಿನ ಸುತ್ತ ಕೂತವರ ಭಾಷೆ ಯಾವುದೇ ಆಗಲಿ, ಆ ಎಲೆ ಮಾಣಿಯೇ.

ಜಾಕ್ ಎಂಬ ಹೆಸರು ಆ ಎಲೆಗೆ ಅಂಟಿದ್ದು 17ನೆಯ ಶತಮಾನದಲ್ಲಿ, ಆಲ್ ಫೋರ್ಸ್ ಎಂಬ ಆಟದಿಂದ. ಅದರಲ್ಲಿ ತುರುಪಿನ ನೇವನಿಗೆ ಜಾಕ್ ಎಂದು ಕರೆದು ಬೇರೆಯೇ ಒಂದು ಅಂಕ ಕೊಡುತ್ತಿದ್ದರು. ಆಲ್ ಫೋರ್ಸ್ ಹೆಂಡದಂಗಡಿಯ ಆಟ, ಹಾಗಾಗಿ ಜಾಕ್ ಎಂಬುದೂ ಕೆಳದರ್ಜೆಯವರ ಮಾತಾಯಿತು. 1860-61ರಲ್ಲಿ ಧಾರಾವಾಹಿಯಾಗಿ ಬಂದ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಕಾದಂಬರಿಯಲ್ಲಿ ಶ್ರೀಮಂತರ ಮನೆಯ ಹುಡುಗಿ ಕಮ್ಮಾರನ ಮನೆಯ ಹುಡುಗನನ್ನು ಹೀಯಾಳಿಸುವುದು ಇದೇ ಕಾರಣಕ್ಕೆ: ನೇವ್ ಅನ್ನುವ ಕಡೆ ಇವನು ಜಾಕ್ ಅಂದ. ಕನ್ನಡದಲ್ಲಿ ಎರಡಕ್ಕೂ ‘ಗುಲಾಮ’ ಹಾಕಿದರೆ ಹುಡುಗನ ಅವಮಾನ ಮಾಯವಾಗುತ್ತದೆ. ಹುಡುಗಿಯ ಬಾಯಿಗೆ ‘ಗುಲಾಮ’ವನ್ನೂ ಹುಡುಗನ ಬಾಯಿಗೆ ‘ಜಾಕಿ’ಯನ್ನೂ ಕೊಟ್ಟರೆ ಉಳಿಯುತ್ತದೆ. ಆಮೇಲೆ ಎಲೆಗಳ ಮೂಲೆಯಲ್ಲಿ ಅಕ್ಷರ ಅಚ್ಚು ಹಾಕುವ ಪದ್ಧತಿ ಬಂದಾಗ ನೇವ್ ಸೋತಿತು. ಕಿಂಗ್‌ನ ‘ಕೆ’, ನೇವ್‌ನ ‘ಕೆ-ಎನ್’ ಪಕ್ಕಪಕ್ಕ ಬಂದರೆ ಬೆರಳ ಸಂದಿಯಲ್ಲಿ ಬೇಗ ಗುರುತು ಸಿಗುವುದಿಲ್ಲ. 1864ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಹಾರ್ಟ್ ‘ಜೆ’ ಅಚ್ಚು ಹಾಕಿದ ಕಟ್ಟು ತಂದ. ಇಂದು ನಮ್ಮ ಕೈಗೆ ಬರುವುದು ಅದೇ ‘ಜೆ’.

ಕೇರಳದ ಇಪ್ಪತ್ತೆಂಟರ ಆಟದಲ್ಲಿ ಈ ಆಳುಮಗ ರಾಜನಿಗಿಂತ ಮೇಲೆ. ಏಳರಿಂದ ಎಕ್ಕದವರೆಗೆ ಪ್ರತಿ ಜಾತಿಯ 8 ಎಲೆ, ಒಟ್ಟು 32. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ರಾಜ, ರಾಣಿ, ಎಂಟು, ಏಳು ಇವಕ್ಕೆ ಸೊನ್ನೆ. ಒಂದು ಜಾತಿಗೆ 7, ನಾಲ್ಕು ಜಾತಿಗೆ 28, ಆಟದ ಹೆಸರು ಅಲ್ಲಿಂದ ಬಂತು. ಹೊಸಬರು ಎಡವುವುದು ಇಲ್ಲೇ. ಬೇರೆ ಆಟದ ರೂಢಿಯಲ್ಲಿ ರಾಜನನ್ನು ದೊಡ್ಡವನೆಂದು ಹಿಡಿದಿಟ್ಟುಕೊಂಡು, ಎದುರಾಳಿಯ ಹತ್ತರ ಕೆಳಗೆ ಅವನನ್ನು ಕಳೆದುಕೊಳ್ಳುತ್ತಾರೆ. ಯುರೋಪಿನ ಯಾಸ್ ಗುಂಪಿನ ಆಟಗಳಲ್ಲೂ ತುರುಪಿನ ಗುಲಾಮ ಎಲ್ಲರಿಗಿಂತ ಮೇಲೆ, ಅವನ ಹಿಂದೆ ಒಂಬತ್ತು. ಇಸ್ಪೀಟಿನಿಂದಲೇ ಬಂದ ಇನ್ನೊಂದು ಪದ ಜಾಕ್‌ಪಾಟ್. 19ನೆಯ ಶತಮಾನದ ಅಮೆರಿಕದಲ್ಲಿ ಪೋಕರ್‌ನ ಒಂದು ಬಗೆಯಲ್ಲಿ ಎರಡು ಜಾಕ್ ಅಥವಾ ಅದಕ್ಕಿಂತ ದೊಡ್ಡ ಜೋಡಿ ಇಲ್ಲದೆ ಯಾರೂ ಆಟ ತೆರೆಯುವಂತಿರಲಿಲ್ಲ. ಯಾರ ಕೈಯಲ್ಲೂ ಇಲ್ಲದಿದ್ದರೆ ಮತ್ತೆ ಎಲೆ ಹಂಚಿ, ಮತ್ತೆ ದುಡ್ಡು ಹಾಕಬೇಕು. ಮಡಕೆ ಬೆಳೆಯುತ್ತ ಹೋಗುತ್ತದೆ. ಹಾಗೆ ಕೂಡಿಕೊಂಡ ಹಣಕ್ಕೆ ಜಾಕ್‌ಪಾಟ್ ಎಂದು ಹೆಸರು. ಆದ್ದರಿಂದ ಹಿಂದಿನ ಸುತ್ತುಗಳ ಹಣ ಸೇರಿಕೊಂಡು ಬೆಳೆಯುವ ಬಹುಮಾನಕ್ಕೆ ಈ ಮಾತು ಸರಿ. ಮೊದಲೇ ಗೊತ್ತುಮಾಡಿದ ಮೊತ್ತದ ಕೇರಳದ ಬಂಪರ್ ಬಹುಮಾನಕ್ಕೆ ಅದು ನಿಜವಾಗಿ ಹೊಂದುವುದಿಲ್ಲ.

ಇನ್ನು ಉಪಕರಣಗಳು. ಕೆಲಸದ ಹುಡುಗ ಮಾಡುತ್ತಿದ್ದ ಕೆಲಸವನ್ನು ಒಂದು ವಸ್ತು ಮಾಡತೊಡಗಿದಾಗ ಹುಡುಗನ ಹೆಸರೇ ವಸ್ತುವಿಗೆ ಹೋಯಿತು. ಬೂಟ್‌ಜಾಕ್ ಇದಕ್ಕೆ ತೀರ ಸ್ಪಷ್ಟವಾದ ಉದಾಹರಣೆ. ಮೊಣಕಾಲಿನವರೆಗೆ ಬರುವ ಬಿಗಿ ಬೂಟನ್ನು ಎಳೆದು ತೆಗೆಯಲು ಹಿಂದೆ ಒಬ್ಬ ಆಳು ಬೇಕಿತ್ತು. ಅವನ ಬದಲು ಬಂದದ್ದು ಒಂದು ಹಲಗೆ: ಒಂದು ತುದಿಯಲ್ಲಿ ಹಿಮ್ಮಡಿ ಕೂರುವಷ್ಟು ಅರ್ಧಚಂದ್ರದ ಕಚ್ಚು, ಆ ತುದಿಯ ಕೆಳಗೆ ಎತ್ತರಕ್ಕೆ ಒಂದು ತುಂಡು. ಒಂದು ಕಾಲಿನಿಂದ ಹಲಗೆ ಮೆಟ್ಟಿ, ಇನ್ನೊಂದರ ಹಿಮ್ಮಡಿಯನ್ನು ಕಚ್ಚಿಗೆ ಸಿಕ್ಕಿಸಿ ಎಳೆದರೆ ಬೂಟು ಕಳಚುತ್ತದೆ. ಅಡುಗೆಮನೆಯಲ್ಲಿ ಮಾಂಸ ಚುಚ್ಚಿದ ಸಲಾಕೆಯನ್ನು ಬೆಂಕಿಯ ಮುಂದೆ ಗಂಟೆಗಟ್ಟಲೆ ತಿರುಗಿಸುತ್ತಿದ್ದವನೂ ಹುಡುಗನೇ. ಅವನ ಜಾಗಕ್ಕೆ ರೋಸ್ಟಿಂಗ್ ಜಾಕ್ ಬಂತು, ಗಡಿಯಾರದಂತೆ ಭಾರ ಇಳಿದು ತಿರುಗುವುದು ಒಂದು, ಚಿಮಣಿಯೊಳಗೆ ಏರುವ ಬಿಸಿಗಾಳಿಗೆ ರೆಕ್ಕೆ ತಿರುಗುವುದು ಇನ್ನೊಂದು. ಗೋಪುರದ ಗಡಿಯಾರದಲ್ಲಿ ಗಂಟೆ ಬಾರಿಸುವ ಮರದ ಬೊಂಬೆಗೂ ಜಾಕ್ ಎನ್ನುತ್ತಿದ್ದರು. ಹಾರ್ಪ್ಸಿಕಾರ್ಡ್‌ನಲ್ಲಿ ಮಣೆ ಒತ್ತಿದಾಗ ಮೇಲೆ ಹಾರಿ ತಂತಿ ಮೀಟುವ ಮರದ ಪಟ್ಟಿಯೂ ಜಾಕ್. ಎಲ್ಲ ಕಡೆಯೂ ತತ್ತ್ವ ಒಂದೇ: ಹೇಳಿದ ಕೆಲಸವನ್ನು ಬಾಯಿ ಮುಚ್ಚಿ ಮಾಡುವವನು.

ನಮ್ಮ ಜಾಕಿ ಈ ಸಾಲಿನದು. ಭಾರ ಎತ್ತುವ ಆಳು. ಸ್ಕ್ರೂ ಜಾಕಿಯಲ್ಲಿ ತಿರುಪಿನ ಒಂದು ಸುತ್ತಿಗೆ ಭಾರ ಏರುವುದು ಎರಡು ಎಳೆಗಳ ನಡುವಿನ ಅಂತರದಷ್ಟೇ, ಅದಕ್ಕೇ ನಿಧಾನ, ಅದಕ್ಕೇ ಬಲ. ಎಣ್ಣೆಯ ಬಾಟಲಿ ಜಾಕಿಯಲ್ಲಿ ಪಂಪಿನ ಕೊರಡು, ಅಂದರೆ ಪಿಸ್ಟನ್, 10 ಮಿಲಿಮೀಟರ್, ಎತ್ತುವ ಕೊರಡು 40 ಮಿಲಿಮೀಟರ್ ವ್ಯಾಸದ್ದಾಗಿದ್ದರೆ ಬಲ 16 ಪಟ್ಟು, ಯಾಕೆಂದರೆ ಲೆಕ್ಕಕ್ಕೆ ಬರುವುದು ವ್ಯಾಸ ಅಲ್ಲ, ಅದರ ವರ್ಗ. ಹಿಡಿಯ ಸನ್ನೆ ಕೊಡುವ ಬಲ ಅದರ ಮೇಲೆ ಬೇರೆ. ಬಾಟಲಿ ಜಾಕಿ ಅರ್ಧ ಏರಿ ನಿಂತರೆ ಎಣ್ಣೆ ಕಡಿಮೆ ಇದೆ ಎಂದೋ, ಅಡ್ಡ ಮಲಗಿಸಿಟ್ಟು ಒಳಗೆ ಗಾಳಿ ಹೋಗಿದೆ ಎಂದೋ ತಿಳಿಯಬೇಕು. ಏರಿದ್ದು ತಾನಾಗಿ ಇಳಿಯುತ್ತಿದ್ದರೆ ಬಿಡುಗಡೆಯ ತಿರುಪು ಪೂರ್ತಿ ಬಿಗಿದಿಲ್ಲ, ಇಲ್ಲವೇ ಒಳಗಿನ ಸೀಲು ಸವೆದಿದೆ. ನಮ್ಮ ಕಡೆಯ ಮಳೆಗಾಲದಲ್ಲಿ ಇನ್ನೊಂದು ಅಪಾಯ ಉಂಟು. ನೆನೆದ ಕೆಂಪು ಮಣ್ಣಿನ ರಸ್ತೆಬದಿಯಲ್ಲಿ ಜಾಕಿಯ ಸಣ್ಣ ತಳ ಹುಗಿದು, ಗಾಡಿ ಏರುವ ಬದಲು ಜಾಕಿ ಇಳಿಯುತ್ತದೆ, ಆಮೇಲೆ ವಾಲುತ್ತದೆ. ಒಂದು ಅಡಿ ಅಗಲದ ಗಟ್ಟಿ ಮರದ ಹಲಗೆ ಕೆಳಗಿಡಬೇಕು. ಮುರಕಲ್ಲಿನ ತುಂಡು ಇಡಬಾರದು, ಒತ್ತಡಕ್ಕೆ ಅದು ಪುಡಿಯಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಮೂಲೆಗೆ ಎದುರಿನ ಚಕ್ರಕ್ಕೆ ಅಡ್ಡ ಕೊಟ್ಟು, ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಬೇಕು. ಎತ್ತಿದ ಮೇಲೆ ನಟ್ಟು ಬಿಚ್ಚಲು ಹೋದರೆ ಚಕ್ರವೇ ತಿರುಗುತ್ತದೆ, ಜಾಕಿ ಜಾರುತ್ತದೆ. ಜಾಕಿಯನ್ನೊಂದೇ ನಂಬಿ ಗಾಡಿಯ ಕೆಳಗೆ ತಲೆ ಹಾಕಲೇಬಾರದು. ಅದು ಎತ್ತುವ ಆಳು, ಹೊತ್ತು ನಿಲ್ಲುವ ಕಂಬ ಅಲ್ಲ.

ಬೆಲೆ ಏರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಜಾಕ್ ಅಪ್’ ಎನ್ನುವುದು ಈ ಯಂತ್ರದಿಂದ. ಆದರೆ ಹೈಜಾಕ್, ಕಾರ್‌ಜಾಕ್ ಈ ಸಾಲಿನವಲ್ಲ. ಹೈಜಾಕ್ 1920ರ ದಶಕದಲ್ಲಿ ಅಮೆರಿಕದ ಕಳ್ಳಸಾರಾಯಿ ಲಾರಿಗಳ ದರೋಡೆಯ ಸುದ್ದಿಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದ ಮಾತು. ಕಾರ್‌ಜಾಕ್ ಅದರ ಬಾಲವನ್ನು ಕತ್ತರಿಸಿ ಕಾರಿಗೆ ಅಂಟಿಸಿದ್ದು. ಅದಕ್ಕೂ ಕಾರಿನ ಜಾಕಿಗೂ ಏನೂ ಇಲ್ಲ.

ಮೈಕಿನ ಜಾಕ್ ಸುತ್ತುದಾರಿಯಲ್ಲಿ ಬಂದದ್ದು. 1870ರ ದಶಕದ ಕೊನೆಯಲ್ಲಿ ಚಿಕಾಗೋದ ಚಾರ್ಲ್ಸ್ ಸ್ಕ್ರಿಬ್ನರ್ ಟೆಲಿಫೋನ್ ಸ್ವಿಚ್‌ಬೋರ್ಡಿಗಾಗಿ ಮಾಡಿದ ಸಾಧನವೊಂದು ಮಡಚುವ ಚಾಕುವಿನಂತೆ ಕಾಣುತ್ತಿತ್ತು. ಅದಕ್ಕೆ ಜಾಕ್‌ನೈಫ್ ಸ್ವಿಚ್ ಎಂದು ಹೆಸರಾಯಿತು, ಬಾಯಲ್ಲಿ ಜಾಕ್ ಉಳಿಯಿತು. ನಾವು ಜಾಕ್ ಎಂದು ಕರೆಯುವುದು ಚುಚ್ಚುವ ಪಿನ್ನನ್ನು. ತಾಂತ್ರಿಕ ಇಂಗ್ಲಿಷಿನಲ್ಲಿ ಪಿನ್ನು ಪ್ಲಗ್, ಅದು ಹೋಗಿ ಕೂರುವ ತೂತು ಜಾಕ್. ಸಾಮಾನು ತರಿಸುವಾಗ ಈ ವ್ಯತ್ಯಾಸ ತಿಳಿಯದೆ ಗಂಡಿನ ಬದಲು ಹೆಣ್ಣು ಬರುತ್ತದೆ. ಅಳತೆ ಮೂರು: 6.35, 3.5, 2.5 ಮಿಲಿಮೀಟರ್. ಮೈಕು ಗುಂಯ್ ಅನ್ನಲು ಬಹಳ ಸಲ ಕಾರಣ ಪಿನ್ನಿನ ಬುಡದ ಉದ್ದ ಭಾಗ, ಅಂದರೆ ಅರ್ತಿಂಗ್, ಸರಿಯಾಗಿ ತಾಗದಿರುವುದು. ಪಿನ್ನು ‘ಟಕ್’ ಎಂದು ಕೂರುವವರೆಗೆ ಒತ್ತಬೇಕು. ಹಾಗೂ ಹೋಗದಿದ್ದರೆ ಪಿನ್ನಿನೊಳಗಿನ ಬೆಸುಗೆ ಬಿಟ್ಟಿದೆಯೇ ನೋಡಬೇಕು. ಅದೇ ಮಡಚುವ ಚಾಕುವಿನಿಂದ ಇನ್ನೊಂದು ಕ್ರಿಯಾಪದ ಹುಟ್ಟಿದೆ: ಟ್ರೇಲರ್ ಲಾರಿ ‘ಜಾಕ್‌ನೈಫ್’ ಆಯಿತು ಎಂದರೆ ಮುಂದಿನ ಎಂಜಿನ್ ಭಾಗವೂ ಹಿಂದಿನ ಟ್ರೇಲರೂ ಕೂಡುವಲ್ಲಿ ಚಾಕುವಿನಂತೆ ಮಡಚಿಕೊಂಡವು ಎಂದರ್ಥ. ರಾಷ್ಟ್ರೀಯ ಹೆದ್ದಾರಿ 66ರ ತಿರುವುಗಳಲ್ಲಿ ಟ್ಯಾಂಕರ್ ಹೀಗಾದಾಗ ‘ಅಡ್ಡ ಮಡಚಿ ನಿಂತಿತು’ ಎಂದು ಬರೆದರೆ ಓದುವವರಿಗೆ ಚಿತ್ರ ಸಿಗುತ್ತದೆ. ‘ಪಲ್ಟಿ’ ಎಂದು ಬರೆದರೆ ಸುದ್ದಿಯೇ ತಪ್ಪಾಗುತ್ತದೆ.

ಪದದ ಕೊನೆಯಲ್ಲಿ ಜಾಕ್ ಬಂದರೆ ಅದನ್ನು ಕನ್ನಡದ ‘ಆಳು’, ‘-ಗಾರ’ ಎಂದು ಓದಿಕೊಳ್ಳಬಹುದು. ಲಂಬರ್‌ಜಾಕ್ ಮರ ಕಡಿಯುವ ಆಳು. ಸ್ಟೀಪಲ್‌ಜಾಕ್ ಇಗರ್ಜಿಯ ಗೋಪುರ, ಎತ್ತರದ ಚಿಮಣಿ ಹತ್ತಿ ದುರಸ್ತಿ ಮಾಡುವವ. ಅಡಿಕೆ ಮರ ಏರಿ ಮರದಿಂದ ಮರಕ್ಕೆ ಬಾಗಿ ದಾಟುವ ಕೊನೆಗಾರನಿಗೆ ಇಂಗ್ಲಿಷಿನಲ್ಲಿ ಹೆಸರು ಇಡಬೇಕಾಗಿದ್ದರೆ ಅವರು ಅದಕ್ಕೂ ಜಾಕ್ ಸೇರಿಸುತ್ತಿದ್ದರೋ ಏನೋ. ಚೀಪ್‌ಜಾಕ್ ಜಾತ್ರೆಯಲ್ಲಿ ಕೂಗಿ ಕೂಗಿ ಅಗ್ಗಕ್ಕೆ ಮಾರುವವ. ಜಾಕ್ ಟಾರ್ ನಾವಿಕ, ಟಾರು ಬಳಿದ ಬಟ್ಟೆಯಿಂದ ಬಂದ ಹೆಸರು. ಜಾಕ್ ಕೆಚ್ ಮಾತ್ರ ನಿಜವಾದ ಮನುಷ್ಯ, 17ನೆಯ ಶತಮಾನದ ಲಂಡನ್ನಿನಲ್ಲಿ ಮರಣದಂಡನೆ ಕೊಡುತ್ತಿದ್ದವ. 1685ರಲ್ಲಿ ಮಾನ್‌ಮತ್‌ನ ಡ್ಯೂಕನ ತಲೆ ಕಡಿಯುವಾಗ ಏಟಿನ ಮೇಲೆ ಏಟು ಹಾಕಿಯೂ ಸರಿಯಾಗದೆ ಕುಖ್ಯಾತನಾದ. ಅವನ ಮರಣದ ನಂತರವೂ ಬಹುಕಾಲ ನೇಣು ಹಾಕುವವರನ್ನೆಲ್ಲ ಜಾಕ್ ಕೆಚ್ ಎಂದೇ ಕರೆದರು. ‘ಜಾಕ್ ಆಫ್ ಆಲ್ ಟ್ರೇಡ್ಸ್’ ಎಂಬುದನ್ನು ಕನ್ನಡದಲ್ಲಿ ಹಗುರವಾಗಿ ಬಳಸುತ್ತಾರೆ. ಮೊದಲಲ್ಲಿ ಅದು ಎಲ್ಲ ಕೆಲಸಕ್ಕೂ ಒದಗುವವ ಎಂದಷ್ಟೇ ಇತ್ತು. ಯಾವುದರಲ್ಲೂ ಪಳಗದವ ಎಂಬ ಬಾಲ ಆಮೇಲೆ ಸೇರಿದ್ದು.

ಲಾಂದ್ರದ ಜಾಕ್, ಅಂದರೆ ಜಾಕ್-ಓ-ಲ್ಯಾಂಟರ್ನ್, ಇಂದು ಚೀನಿಕಾಯಿಯನ್ನು ಕೊರೆದು ಒಳಗೆ ದೀಪ ಇಡುವ ಅಲಂಕಾರ. 17ನೆಯ ಶತಮಾನದಲ್ಲಿ ಅದಕ್ಕೆ ಎರಡು ಅರ್ಥ ಇದ್ದವು: ಲಾಂದ್ರ ಹಿಡಿದ ರಾತ್ರಿ ಕಾವಲುಗಾರ, ಮತ್ತು ಜೌಗು ನೆಲದ ಮೇಲೆ ರಾತ್ರಿ ಕಾಣುವ ಬೆಳಕು. ಎರಡನೆಯದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದ ಮಾತಿದೆ: ಕೊಳ್ಳಿದೆವ್ವ. ಹಳೆಯ ಪದ್ಯದಲ್ಲಿ ಜಾಕ್-ಓ-ಲ್ಯಾಂಟರ್ನ್ ದಾರಿ ತಪ್ಪಿಸಿತು ಎಂದಿದ್ದರೆ ಚೀನಿಕಾಯಿಯನ್ನು ಅಲ್ಲಿಗೆ ತರಬಾರದು.

ಹುಡುಗ ಎಂದರೆ ಚಿಕ್ಕವನು ಕೂಡ. ಹಾಗಾಗಿ ಇನ್ನೊಂದು ಕವಲು ‘ಸಣ್ಣದು’ ಎಂಬ ಅರ್ಥದ್ದು. ಲಾನ್ ಬೌಲ್ಸ್ ಆಟದಲ್ಲಿ ಗುರಿಯಾಗಿ ಇಡುವ ಚಿಕ್ಕ ಬಿಳಿ ಚೆಂಡು ಜಾಕ್. ಹಡಗಿನ ಮೂತಿಯ ಕೋಲಿಗೆ ಕಟ್ಟುವ ಸಣ್ಣ ಬಾವುಟ ಜಾಕ್. ಬ್ರಿಟನ್ನಿನ ಧ್ವಜಕ್ಕೆ ಯೂನಿಯನ್ ಜಾಕ್ ಎಂಬ ಹೆಸರು ಬಂದದ್ದು ಹಡಗಿನಿಂದ. 1606ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಶಿಲುಬೆ ಸೇರಿಸಿದ್ದು, 1801ರಲ್ಲಿ ಐರ್ಲೆಂಡಿನದು ಕೂಡಿದ್ದು. ಯೆಲ್ಲೋ ಜಾಕ್ ಎಂದರೆ ಹಡಗಿನಲ್ಲಿ ಸಾಂಕ್ರಾಮಿಕ ಇದೆ ಎಂದು ಏರಿಸುತ್ತಿದ್ದ ಹಳದಿ ಬಾವುಟ, ಆಮೇಲೆ ಹಳದಿ ಜ್ವರದ ಹೆಸರೇ ಅದಾಯಿತು. ಹಂಚಿನ ಮಾಡಿನ ಕೆಲಸ ತಿಳಿದವರಿಗೆ ಜಾಕ್ ರಾಫ್ಟರ್ ಗುರುತು ಸಿಗುತ್ತದೆ: ನಾಲ್ಕು ಕಡೆ ಇಳಿಜಾರಿರುವ ಮಾಡಿನಲ್ಲಿ ಮೂಲೆಯ ಓರೆ ಮರಕ್ಕೂ ಗೋಡೆಯ ಮೇಲಿನ ಮರಕ್ಕೂ ನಡುವೆ, ಮೂಲೆಯ ಕಡೆಗೆ ಹೋದಂತೆ ಗಿಡ್ಡವಾಗುತ್ತ ಹೋಗುವ ಪಕ್ಕಾಸುಗಳು. ಬಡಗಿಯ ಜಾಕ್ ಪ್ಲೇನ್ ಮಾತ್ರ ಸಣ್ಣದಲ್ಲ, 14-15 ಇಂಚು ಉದ್ದದ ಕೀಸುಳಿ. ಅಲ್ಲಿ ಜಾಕ್ ಎಂದರೆ ಒರಟು ಕೆಲಸದ ಆಳು. ಅದರ ಬಾಯಿಯ ಅಲಗನ್ನು ಸ್ವಲ್ಪ ಬಾಗುವಂತೆ ಮಸೆಯುತ್ತಾರೆ, ಮೊದಲ ಹೆರೆತಕ್ಕೆ ದಪ್ಪ ಸಿಪ್ಪೆ ಬರಲು. ನುಣುಪು ಮಾಡಲು ಬೇರೆ ಕೀಸುಳಿ.

ಹುಡುಗ ಗಂಡು ಕೂಡ ಹೌದಲ್ಲ. ಜಾಕ್‌ಆ್ಯಸ್ ಗಂಡು ಕತ್ತೆ, ಹೆಣ್ಣಿಗೆ ಜೆನ್ನಿ. ಮೂರ್ಖ ಎಂಬ ಬೈಗುಳ ಆಮೇಲೆ ಬಂತು.

ಸ್ಲ್ಯಾಂಗ್‌ನ ಕಡೆ ಹೋದರೆ, 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಬೀದಿಮಾತುಗಳ ಕೋಶ ಮಾಡಿದಾಗ ಜಾಕ್‌ಗೆ ಕೊಟ್ಟ ಮೊದಲ ಅರ್ಥ ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗದ ನಾಣ್ಯ. ಇಂದಿನ ಅಮೆರಿಕನ್ ಮಾತಿನಲ್ಲಿ ‘ಜಾಕ್ ಗೊತ್ತಿಲ್ಲ’ ಎಂದರೆ ಏನೂ ಗೊತ್ತಿಲ್ಲ. ಸಿನಿಮಾದ ಅಡಿಬರಹದಲ್ಲಿ ಇದು ‘ನಿನಗೆ ಜಾಕ್ ಯಾರೆಂದು ಗೊತ್ತಿಲ್ಲ’ ಎಂದಾಗುವ ಅಪಾಯ ಇದೆ. ‘ಕವಡೆಯಷ್ಟೂ ಗೊತ್ತಿಲ್ಲ’ ಎಂದರೆ ಅರ್ಥವೂ ಬರುತ್ತದೆ, ಹಳೆಯ ನಾಣ್ಯದ ಬಣ್ಣವೂ ಬರುತ್ತದೆ. ಲಂಡನ್ನಿನ ಪ್ರಾಸದ ಗುಟ್ಟುಮಾತಿನಲ್ಲಿ ‘ಆನ್ ಮೈ ಜಾಕ್’ ಎಂದರೆ ಒಬ್ಬಂಟಿ. ಜಾಕ್ ಜೋನ್ಸ್ ಎಂಬುದು ಅಲೋನ್‌ಗೆ ಪ್ರಾಸ, ಪ್ರಾಸದ ಅರ್ಧವನ್ನು ನುಂಗಿದ್ದಾರೆ. ಆಸ್ಟ್ರೇಲಿಯದಲ್ಲಿ ಯಾವುದರದ್ದಾದರೂ ‘ಜಾಕ್’ ಆದೆ ಎಂದರೆ ಸಾಕುಸಾಕಾಯಿತು ಎಂದರ್ಥ. ಬ್ರಿಟನ್ನಿನಲ್ಲಿ ‘ಜಾಕ್ ಇಟ್ ಇನ್’ ಎಂದರೆ ಕೈಬಿಡು. ‘ಐ ಆ್ಯಮ್ ಆಲ್‌ರೈಟ್, ಜಾಕ್’ ಎಂದರೆ ನನ್ನದು ನಡೆಯುತ್ತದೆ, ಉಳಿದವರು ಏನಾದರೂ ಆಗಲಿ ಎಂಬ ಸ್ವಾರ್ಥ. ಐರ್ಲೆಂಡಿನಲ್ಲಿ ‘ದಿ ಜಾಕ್ಸ್’ ಎಂದರೆ ಪಾಯಿಖಾನೆ. ಇದು ಬಹಳ ಹಳೆಯದು. 16ನೆಯ ಶತಮಾನದಲ್ಲೇ ‘ಜೇಕ್ಸ್’ ಎಂಬ ರೂಪ ಇತ್ತು. ಎಲಿಜಬೆತ್ ರಾಣಿಯ ಧರ್ಮಪುತ್ರ ಸರ್ ಜಾನ್ ಹ್ಯಾರಿಂಗ್ಟನ್ 1596ರಲ್ಲಿ ನೀರು ಬಿಟ್ಟು ತೊಳೆಯುವ ಪಾಯಿಖಾನೆಯ ವಿವರಣೆಯನ್ನು ಅಚ್ಚು ಹಾಕಿಸಿದಾಗ ಗ್ರೀಕ್ ವೀರ ಏಜಾಕ್ಸ್‌ನ ಹೆಸರನ್ನು ‘ಎ ಜೇಕ್ಸ್’ ಎಂದು ಒಡೆದು ಶ್ಲೇಷೆ ಮಾಡಿದ. ಅಮೆರಿಕದವರು ಅದನ್ನೇ ಜಾನ್ ಎನ್ನುತ್ತಾರೆ. ಮುದ್ದಿನ ಹೆಸರೂ ಮೂಲ ಹೆಸರೂ ಒಂದೇ ಕೋಣೆ ಸೇರಿವೆ.

ಬೇರೆ ಬೇರಿನವುಗಳಿಗೆ ಬಂದರೆ ಮೊದಲು ಜಾಕಲ್, ಅಂದರೆ ನಮ್ಮ ಊರಿನ ನರಿ. ತುರ್ಕಿಯ ಚಕಾಲ್, ಪಾರಸಿಯ ಶಗಾಲ್, ಅದರ ನೆಂಟ ಸಂಸ್ಕೃತದ ಶೃಗಾಲ. ಜಾಕನಿಗೆ ಇಲ್ಲಿ ಏನೂ ಕೆಲಸ ಇಲ್ಲ. ಜಾಕೆಟ್ ಫ್ರೆಂಚಿನ ‘ಜಾಕ್’ ಎಂಬ ಗಿಡ್ಡ ಅಂಗಿಯಿಂದ ಬಂದದ್ದು. ಒಳಗೆ ಕಬ್ಬಿಣದ ತಗಡು ಹೊಲಿದ ಸಿಪಾಯಿಯ ಅಂಗಿಗೂ ಹಿಂದೆ ಜಾಕ್ ಎಂದೇ ಹೆಸರು.

ಉಳಿದದ್ದು ಹಲಸು. ಮಲಯಾಳದ ಚಕ್ಕ ಪೋರ್ಚುಗೀಸರ ಬಾಯಲ್ಲಿ ಜಾಕ ಆಯಿತು, ಇಂಗ್ಲಿಷರ ಬಾಯಲ್ಲಿ ಜಾಕ್. ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಮಲಬಾರಿನವರು ಈ ಹಣ್ಣನ್ನು ಜಾಕ ಎನ್ನುತ್ತಾರೆ, ಗೋವೆಯ ಕಡೆಯವರೂ ಗುಜರಾತಿನವರೂ ಪಣಸ ಎನ್ನುತ್ತಾರೆ ಎಂದು ಬರೆದಿದ್ದಾನೆ. ಕೊಂಕಣಿಯಲ್ಲಿ ಇಂದಿಗೂ ಅದು ಪಣಸವೇ. ಮಲಯಾಳದ ‘ಚ’ ಪೋರ್ಚುಗೀಸಿನಲ್ಲಿ ‘ಜ’ ಆದದ್ದು ಒಂದೇ ಸಲವಲ್ಲ: ಮಲಯಾಳದ ಚಕ್ಕರ, ಅಂದರೆ ಬೆಲ್ಲ, ಅದೇ ಹಾದಿಯಲ್ಲಿ ಹೋಗಿ ಜಾಗರಿ ಆಯಿತು. ಹೀಗೆ ಜಾಕ್‌ಫ್ರೂಟೂ ಜಾಗರಿಯೂ ಒಂದೇ ಹಡಗಿನಲ್ಲಿ ಹೋದ ನಮ್ಮ ಕಡೆಯ ಮಾತುಗಳು, ಹಲಸಿನ ಹಣ್ಣಿನ ಪಾಯಸದಲ್ಲಿ ಮತ್ತೆ ಒಂದಾಗುತ್ತವೆ. ಭಾರತದ ಇಂಗ್ಲಿಷ್ ಮಾತುಗಳ ಕೋಶ ‘ಹಾಬ್ಸನ್-ಜಾಬ್ಸನ್’ 1886ರಲ್ಲಿ ಬಂದಾಗ ಈ ಹಣ್ಣಿಗೆ ಜಾಕ್ ಎಂಬ ಒಂದು ದೀರ್ಘ ಬರಹವನ್ನೇ ಮೀಸಲಿಟ್ಟಿತು. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬನಾದ ಎ. ಸಿ. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವ. ಕಾಸರಗೋಡು ಆಗ ದಕ್ಷಿಣ ಕೆನರಾದ ಭಾಗ.

ಈ ಹಿನ್ನೆಲೆ ಗೊತ್ತಿಲ್ಲದೆ ಆಗುವ ತಪ್ಪು ಇಂದು ಪೊಟ್ಟಣಗಳ ಮೇಲೆ ಕಾಣಿಸುತ್ತದೆ. ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಮೇಲೆ ಹಲಸಿನ ತಿಂಡಿಗಳ ಮಾರಾಟಕ್ಕೆ ಉತ್ಸಾಹ ಬಂದಿದೆ, ಇಂಗ್ಲಿಷ್ ಲೇಬಲ್ ಮೊದಲು, ಕನ್ನಡ ಆಮೇಲೆ. ‘ಜಾಕ್ ಚಿಪ್ಸ್’ ಎಂದು ಅಕ್ಷರ ಮಾತ್ರ ಬದಲಿಸಿದರೆ ನಮ್ಮದೇ ಮಾತನ್ನು ನಮಗೇ ಪರದೇಶದ್ದಾಗಿ ಮಾರಿದಂತೆ. ಕನ್ನಡದಲ್ಲಿ ಇದಕ್ಕೆ ಇಂಗ್ಲಿಷಿಗಿಂತ ಹೆಚ್ಚು ನಿಖರವಾದ ಮಾತುಗಳಿವೆ. ‘ಟೆಂಡರ್ ಜಾಕ್’ ಅಂದರೆ ಗುಜ್ಜೆ. ‘ಜಾಕ್ ಬಲ್ಬ್’ ಅಂದರೆ ಸೊಳೆ, ಉಪ್ಪುನೀರಿನಲ್ಲಿ ಹಾಕಿಟ್ಟದ್ದು ಉಪ್ಪುಸೊಳೆ. ‘ಜಾಕ್ ಸೀಡ್’ ಅಂದರೆ ಹಲಸಿನ ಬೇಳೆ; ಬರೀ ಬೇಳೆ ಎಂದು ಬರೆದರೆ ಘಟ್ಟದ ಮೇಲಿನವರು ತೊಗರಿಯೆಂದು ತಿಳಿಯುತ್ತಾರೆ. ಹಣ್ಣಾದಾಗ ಗಟ್ಟಿಯಾಗಿ ನಿಲ್ಲುವ ಬಕ್ಕೆಯನ್ನೂ ಲೋಳೆಯಾಗುವ ತುಳುವೆಯನ್ನೂ ಇಂಗ್ಲಿಷ್ ಲೇಬಲ್ ಬೇರೆ ಮಾಡುವುದಿಲ್ಲ, ಕನ್ನಡದಲ್ಲಿ ಮಾಡಬಹುದು, ಮಾಡಬೇಕು: ತುಳುವೆಯ ಹಣ್ಣು ಕೈಯಲ್ಲಿ ನಿಲ್ಲುವುದಿಲ್ಲ, ಬಕ್ಕೆಯ ಸೊಳೆಯನ್ನು ಬಿಡಿಬಿಡಿಯಾಗಿ ಪೊಟ್ಟಣಕ್ಕೆ ತುಂಬಬಹುದು. ಮರದ ಪಟ್ಟಿಯಲ್ಲಿ ‘ಜಾಕ್‌ವುಡ್’ ಎಂದಿದ್ದರೆ ಅದು ಮೃದಂಗಕ್ಕೆ ಬಳಸುವ ನಮ್ಮ ಹಲಸಿನ ಮರ. ಶ್ರೀಲಂಕಾದ ಇಂಗ್ಲಿಷಿನಲ್ಲಿ ಇದನ್ನು ಒಂದಕ್ಷರ ಕಡಿಮೆ ಮಾಡಿ, ಹುಡುಗನ ಹೆಸರಿಗಿಂತ ಬೇರೆಯಾಗಿ ಕಾಣುವಂತೆ ಬರೆಯುವ ರೂಢಿ ಇದೆ. ಚಕ್ಕಕ್ಕೆ ಅದು ಹೆಚ್ಚು ಹತ್ತಿರ.